ಎರಡು ಬಾಗಿಲಿನ ಕಾರು

ಜೂನ್ ೧೪, ಕೊರ್ತೀನಾ

ಅಯ್ಯೋ ವಿಧಿಯೇ! ದೂರ ಪ್ರಯಾಣಕ್ಕೆಂದೇ ಮಾಡಿದ ಗ್ರಾನ್ ಟುರಿಸ್ಮೋ ಕಾರಂತೆ, ಬಾಗಿಲು ಮಾತ್ರ ಎರಡೇ! ಮುಂದಿನವರು ಇಳಿದು ಸೀಟು ಮಡಚುವವರೆಗೆ ಹಿಂದಿನವನು ಕೈದಿ. ಮಿಲಾನಿನಿಂದ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡೇ ಬಂದಿದ್ದೇನೆ.

ಇವತ್ತು ಘಟ್ಟದ ತಿರುವಿನಲ್ಲಿ ಗೆಳೆಯ ರುಜೇರೋ ಕಾರು ಓಡಿಸುತ್ತಲೇ ಪಕ್ಕದಲ್ಲಿದ್ದ ನಮ್ಮಿಬ್ಬರ ಗೆಳತಿ ಒರ್ನೆಲ್ಲಾಳ ಕೈ ಹಿಡಿದ. "ಲೇ ಫುಲ್ವಿಯೋ, ಸೆಪ್ಟೆಂಬರಿನಲ್ಲಿ ನಮ್ಮ ಮದುವೆ ಕಣೋ. ಸಾಕ್ಷಿಯಾಗಿ ನೀನೇ ನಿಲ್ಬೇಕು."

ನಾನು ಈ ಪ್ರವಾಸಕ್ಕೆ ಬಂದದ್ದೇ ಅವಳಿಗೆ ನನ್ನ ಮನಸ್ಸು ಹೇಳಲೆಂದು! ಪ್ರವಾಸದ ಕೊನೆಗೆ ವಿಯೆನ್ನಾ ತಲುಪಿದಾಗ ಅವಳೆದುರು ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಒಳಗೊಳಗೇ ತಾಲೀಮು ಮಾಡುತ್ತಿದ್ದೆ.

ಒರ್ನೆಲ್ಲಾ ಹಿಂತಿರುಗಿ ನಕ್ಕಳು. "ಏನೋ, ಇಡೀ ಥಿಯೇಟರ್ ನಡುಗಿಸೋ ನಟನಿಗೆ ಡೈಲಾಗೇ ಮರೆತುಹೋಯ್ತಾ?"

"ಬ್ರಾವೋ!" ಎಂದು ಗರ್ಜಿಸಿದೆ. ಕಿಟಕಿಯ ಗಾಜು ಅದುರಿತು. ಇಳಿದು ಓಡಿಬಿಡಬೇಕೆನಿಸಿತು. ಎರಡೂ ಬಾಗಿಲು ಅವರಿಬ್ಬರ ಕೈಯಲ್ಲಿದ್ದವು.

ಊಟಕ್ಕೆ ಕೂತಾಗ ಅವಳೇ ಅಂದಳು: "ಪಾಪ ಕಣೋ, ನಾಳೆ ನೀನು ಮುಂದೆ ಕೂತ್ಕೋ. ನಾನು ಹಿಂದೆ ಮುದುರ್ಕೋತೀನಿ."

ಬೇಡವೆಂದುಬಿಟ್ಟೆ. ಮುಂದೆ ಕೂತರೆ ರುಜೇರೋ ಮದುವೆಯ ಮಾತಾಡುತ್ತ ಪ್ರತಿ ತಿರುವಿನಲ್ಲೂ ನನ್ನ ಮುಖ ನೋಡುತ್ತಾನೆ. ಹಿಂದೆ ಕೂತವನ ಕಡೆ ಯಾರ ಕಣ್ಣೂ ಬೀಳುವುದಿಲ್ಲ. ನಟನಾಗಿಯೇ ಹುಟ್ಟಿದ ನನಗೆ ಯಾರೂ ನೋಡದ ಜಾಗವೇ ಬೇಕೆನಿಸಿತಲ್ಲ, ಅಯ್ಯೋ!