ಗಂಜಿ ಹಾಕದ ಕಂಬಳಿ

ಕಂಬಳಿ ಅಂಗಡಿ, ಹುಮನಾಬಾದ
೯ ಜನವರಿ ೨೦೨೫, ಗುರುವಾರ

ಪ್ರೀತಿಯ ಮಗಳು ಸಾಕ್ಷಿಗೆ, ಹಿಮದ ನಾಡಿನಲ್ಲಿರುವ ನಿನಗೆ ಬಿಸಿಲಿನ ನಾಡಿನಿಂದ ನಿಮ್ಮಪ್ಪನ ಆಶೀರ್ವಾದ.

ಮೊದಲು ನಿನ್ನ ಎಡಗೈ ಹೇಗಿದೆ ಹೇಳು. ಗಾಬರಿಯಾಗಬೇಡ, ನನಗೆ ಗೊತ್ತಾಗಿದೆ, ನಿಮ್ಮವ್ವನಿಗೆ ಗೊತ್ತಿಲ್ಲ. ಪ್ಲಾಸ್ಟರಿನೊಳಗೆ ತುರಿಕೆ ಬಂದರೆ ಕಡ್ಡಿ ತೂರಿಸಬೇಡ, ಹಿಂದೆ ಕಾಲು ಮುರಿದಾಗ ನಾನು ಹಾಗೆ ಮಾಡಿ ಹುಣ್ಣು ಮಾಡಿಕೊಂಡಿದ್ದೆ. ಹೊಟ್ಟೆಗೆ ಸರಿಯಾಗಿ ತಿನ್ನು. ಇಲ್ಲಿ ಎಲ್ಲರೂ ಆರಾಮ. ನಿಮ್ಮಣ್ಣ ಜ್ಞಾನೇಶ್ವರ ಕುರಿ ಹೊಡೆದುಕೊಂಡು ಗೋರ್ಟಾ ಕಡೆ ಹೋಗಿದ್ದಾನೆ, ತೊಗರಿ ಕಿತ್ತ ಹೊಲಗಳಲ್ಲಿ ಬೀಡು ಬಿಟ್ಟಿದ್ದಾನೆ. ನಿಮ್ಮವ್ವ ಊರಲ್ಲಿ, ಕೊಹಿನೂರಿನಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ನಾನು ಮಾತ್ರ ಯಾಕೋ ದಣಿದಿದ್ದೇನೆ ಮಗಳೆ. ಹಳ್ಳಿಖೇಡದ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಬೆಳಗಿನಿಂದ ಸಂಜೆಯವರೆಗೆ ಅಂಗಡಿ ಮುಂದೆ ಹಾಡು ಹಚ್ಚಿಕೊಂಡು ಹೋಗುತ್ತವೆ. ಧೂಳು ಕಂಬಳಿಯ ಮೇಲೆ, ಹಾಡು ತಲೆಯ ಮೇಲೆ. ಒಂದು ಕಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತು, ನಡು ಬೇಸಗೆಯಲ್ಲಿ ಸೋಲಾಪುರದ ಸಾವಕಾರನಿಗೆ ಮಾತಿನಿಂದಲೇ ಚಳಿ ಹತ್ತಿಸಿ ಮಾರಿದವನು ನಾನು. ಈಗ ಗಿರಾಕಿ ಬಂದರೆ ಎದ್ದು ನಿಲ್ಲಲು ಮೊಣಕಾಲನ್ನು ಎರಡು ಸಲ ಕೇಳಬೇಕು.

ಫೋನ್ ಬಿಟ್ಟು ಪತ್ರ ಯಾಕೆ ಎಂದು ನೀನು ಕೇಳುತ್ತೀ. ನಮ್ಮ ಮನೆಯ ಫೋನಿನ ರೀತಿ ನಿನಗೆ ಗೊತ್ತಿದ್ದದ್ದೇ. ನಿನ್ನ ಹೆಸರು ಕಂಡರೆ ಸಾಕು, ನಿಮ್ಮವ್ವ ನನ್ನ ಕೈಯಿಂದ ಕಸಿದುಕೊಂಡು, ಓಣಿಗೆಲ್ಲ ಕೇಳುವಂತೆ ದೊಡ್ಡ ದನಿಗೆ ಹಚ್ಚಿ ಕಟ್ಟೆಯ ಮೇಲೆ ಕೂಡುತ್ತಾಳೆ. ಅಂಗಡಿಯಿಂದ ಮಾಡೋಣವೆಂದರೆ ಹಗಲಲ್ಲಿ ಬೆಟ್ಟದ ಮೇಲಿನ ನಿನ್ನ ಸ್ಪಿತಿಗೆ ಫೋನ್ ಹತ್ತುವುದಿಲ್ಲ. ಅದಕ್ಕೇ ಇದನ್ನು ಬರೆದು, ಸೈಕಲಿಗೆ ತೊಡಿಸುವ ಕೈಕೊಪ್ಪೆಗಳ ಪಾರ್ಸಲಿನಲ್ಲಿ ಎಲ್ಲಕ್ಕಿಂತ ಮೇಲಿರುವ ಜೊತೆಯೊಳಗೆ ತುರುಕಿ ಕಳಿಸುತ್ತೇನೆ.

ನನಗೆ ಹೇಳಿದವರು ನಿನ್ನ ಸೈಕಲ್ ಕ್ಯಾಂಪಿನ ಮಾಲೀಕರು, ನೇಗಿ ಸಾಹೇಬರು, ಕೆಳಗಿನ ಪೇಟೆಗೆ ಇಳಿದಾಗ ಅಂಗಡಿಗೆ ಫೋನ್ ಮಾಡಿ. ಅವರ ಮೇಲೆ ಸಿಟ್ಟಾಗಬೇಡ. ಬರ್ಫಿನ ಇಳಿಜಾರಿನಲ್ಲಿ ನೀನು ಸೈಕಲ್ ಸಮೇತ ಬಿದ್ದೆ, ಮಣಿಕಟ್ಟು ಮುರಿಯಿತು, ಮನೆಗೆ ತಿಳಿಸಬೇಡಿ ಎಂದು ಆಣೆ ಹಾಕಿಸಿಕೊಂಡೆ, ಆದರೆ ತಮಗೂ ಒಬ್ಬ ಮಗಳಿದ್ದಾಳೆ ಎಂದು ಅವರು ತಮ್ಮ ಹಿಂದಿಯಲ್ಲಿ ಹೇಳಿದರು. ನಾನು ನನ್ನ ದಖನಿ ಉರ್ದುವಿನಲ್ಲಿ ಕೇಳಿಕೊಂಡೆ. ಮಾತು ಮುಗಿಸುವಾಗ ಅವರು ಸಹಜವಾಗಿ ಇನ್ನೊಂದು ಮಾತು ಹೇಳಿದರು. ತಿರುವಿನಲ್ಲಿ ನಿನ್ನ ಬ್ರೇಕು ಬರಲೇ ಇಲ್ಲವಂತೆ, ಬಿದ್ದಾಗ ಕೈಯೂ ಹ್ಯಾಂಡಲಿನಿಂದ ಬಿಡಲಿಲ್ಲವಂತೆ. ಗವಸು ಒದ್ದೆಯಾಗಿ ಹೆಪ್ಪುಗಟ್ಟಿರಬೇಕು ಎಂದು ಅವರ ಅಂದಾಜು. ನಾನು ಹೂಂ ಎಂದು ಫೋನ್ ಇಟ್ಟೆ. ಆಮೇಲೆ ಗಿರಾಕಿಗೆ ಕಂಬಳಿ ಬಿಚ್ಚಿ ತೋರಿಸುತ್ತಿದ್ದವನು, ಅದರ ಅಂಚನ್ನು ಬೆರಳಿನಿಂದ ತಿಕ್ಕುತ್ತಾ ಹಾಗೆಯೇ ನಿಂತುಬಿಟ್ಟೆ. ಗಿರಾಕಿ, ಮಾಲಿನಲ್ಲೇ ಏನೋ ಐಬು ಇದೆ ಎಂದುಕೊಂಡು ಎದ್ದು ಹೋದ.

ಹೋದ ಚಳಿಗಾಲದಲ್ಲಿ ನಾನು ನಿನ್ನಲ್ಲಿಗೆ ಬಂದದ್ದು ನೆನಪಾಯಿತು. ಊರಲ್ಲಿ ಮಂದಿ ಕೇಳುತ್ತಿದ್ದರಲ್ಲ, ನಿನ್ನ ಮಗಳು ಏನು ಮಾಡಾಕತ್ತಾಳೋ ಸಿದ್ದಪ್ಪಾ ಎಂದು. ಬರ್ಫಿನ್ಯಾಗ ಮಂದಿಗಿ ಸೈಕಲ್ ಹೊಡಿಯಾಕ ಕಲಸ್ತಾಳ ಎಂದರೆ, ಅದಕ್ಕೂ ನೌಕರಿ ಅಂತಾರೇನೋ ಎಂದು ನಗುತ್ತಿದ್ದರು. ಕುರಿ ಹಿಂದ ತಿರುಗಿದ್ದು ನೌಕರಿ ಇತ್ತೇನು ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಆದರೂ ಒಮ್ಮೆ ಕಣ್ಣಾರೆ ಕಂಡು ಬರಬೇಕೆನಿಸಿ, ಕಂಬಳಿ ಹೊದ್ದು ನಾಲ್ಕು ಗಾಡಿ ಬದಲಿಸಿ ಬಂದೆ. ನೀನು ನನ್ನನ್ನು ಬಿಟ್ಟೀಯಾ? ನನ್ನಂಥವನನ್ನೂ ಹಾರ್ಡ್‌ಟೇಲ್ ಸೈಕಲ್ ಮೇಲೆ ಕೂಡಿಸಿದೆ. ಮುಂದಿನ ಗಾಲಿಗೆ ಸ್ಪ್ರಿಂಗು, ಹಿಂದಿನ ಗಾಲಿಗೆ ಏನೂ ಇಲ್ಲ. ಕೈಗೆ ಮಾತ್ರ ಮರ್ಯಾದೆ, ಕುಂಡೆಗೆ ಇಲ್ಲವೇನು ಎಂದು ನಾನು ಕೇಳಿದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕೆ. ಹಿಂದಿನ ಗಾಲಿ ನೆಲದಲ್ಲಿ ಏನಿದೆ ಎಂದು ನೇರ ಹೇಳಬೇಕಪ್ಪಾ, ನಡುವೆ ಸ್ಪ್ರಿಂಗ್ ಬಂದರೆ ಸುಳ್ಳು ಹೇಳುತ್ತದೆ ಎಂದೆ. ನೀನೇ ಗಾಲಿಯ ಗಾಳಿ ಅರ್ಧ ಬಿಟ್ಟೆ. ಗಟ್ಟಿ ಗಾಲಿ ಬರ್ಫಿನ ಮೇಲೆ ಜಾರುತ್ತದೆ, ಮೆತ್ತನೆಯದು ಹಿಡಿಯುತ್ತದೆ ಎಂದೆ. ಸೊಂಟ ಹಿಂದೆ, ಮೊಣಕೈ ಸಡಿಲು, ಬ್ರೇಕಿಗೆ ಒಂದೇ ಬೆರಳು, ಅದನ್ನೂ ಹೂವು ಮುಟ್ಟಿದ ಹಾಗೆ. ಜೋಳದ ಹಿಟ್ಟನ್ನು ತುಳಿದ ಹಾಗೆ ಗಾಲಿಯ ಕೆಳಗೆ ಬರ್ಫು ಕಿರಗುಟ್ಟಿತು. ನಮ್ಮ ಅಂಗಡಿಯಿಂದ ಬಸ್‌ಸ್ಟ್ಯಾಂಡಿನಷ್ಟು ದೂರ ಹೋಗುವುದರೊಳಗೆ ನಾನು ಮೂರು ಸಲ ಮಲಗಿದೆ. ನೀನು ಮಾತ್ರ ಅದೇ ಇಳಿಜಾರಿನಲ್ಲಿ, ಕೊಹಿನೂರಿನ ಕುರಿದಾರಿಯಲ್ಲಿ ಬಾಡಿಗೆ ಸೈಕಲ್ ಬಿಡುತ್ತಿದ್ದ ಹಾಗೆಯೇ, ಕಲ್ಲಿನಿಂದ ಕಲ್ಲಿಗೆ, ತಿರುವಿನಿಂದ ತಿರುವಿಗೆ ಇಳಿದು ಹೋದೆ. ನಿಂತು ನೋಡಿದೆ. ಶಾಬಾಸ್ ಎಂದು ಕೂಗಬೇಕೆಂದಿದ್ದೆ. ಚಳಿಗೆ ತುಟಿ ಅಲ್ಲಾಡಲಿಲ್ಲ.

ಊರಿಗೆ ಬಂದು ನಿಮ್ಮವ್ವನ ಮುಂದೆ ಎಲ್ಲ ಹೇಳಿದೆ. ಅವಳು ಬರ್ಫು ಕೇಳಲಿಲ್ಲ, ಬೆಟ್ಟ ಕೇಳಲಿಲ್ಲ. ಅಕಿ ಕೈ ತಣ್ಣಗಿದ್ದೂವೇನು ಎಂದಳು. ತಣ್ಣಗಿದ್ದವು ಎಂದೆ. ಮರುದಿನವೇ ಗಂಜಿ ಕಾಯಿಸಲು ಕೂತಳು. ಮಳೆಯಲ್ಲಿ ಕುರಿ ಕಾಯುವವರು ಕಂಬಳಿಯನ್ನು ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿಕೊಳ್ಳುವ ಹಾಗೆ, ಸೈಕಲಿನ ಹ್ಯಾಂಡಲಿಗೇ ಒಂದು ಕೊಪ್ಪೆ, ಅದರೊಳಗೆ ಕೈ ತೂರಿಸಿ ಬ್ರೇಕ್ ಹಿಡಿಯಬೇಕು. ಅದಕ್ಕೆ ಕೈಕೊಪ್ಪೆ ಎಂದು ಹೆಸರಿಟ್ಟವಳೂ ಅವಳೇ, ಬಾಯಿಗೆ ಕೆಂಪು ಉಣ್ಣೆಯ ಗಂಟು ಹಾಕಿದವಳೂ ಅವಳೇ. ಗಂಜಿಯ ವಿಷಯದಲ್ಲಿ ಅವಳ ಜಿದ್ದು ನಿನಗೆ ಗೊತ್ತು. ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿ, ಕುಂಚದಿಂದ ಮೂರು ಕೈ ತಿಕ್ಕಿ ಬಿಸಿಲಿಗೆ ಎಳೆದು ಕಟ್ಟಿದರೆ, ಆ ಕಂಬಳಿಯ ಮೇಲೆ ಬಿದ್ದ ಮಳೆ ಉರುಳಿ ಹೋಗಬೇಕು. ಚಂದಮ್ಮನ ಗಂಜಿ ಎಂದರೆ ಮೂರು ಊರಲ್ಲಿ ಹೆಸರು. ನನ್ನ ಅಂಗಡಿ ನಿಂತದ್ದು ನನ್ನ ಬಾಯಿಯ ಮೇಲೆ ಎಂದು ನಾನು ಹೇಳಿಕೊಳ್ಳುತ್ತೇನೆ, ನಿಜ ನೋಡಿದರೆ ಅವಳ ಗಂಜಿಯ ಮೇಲೆ. ಮಗಳ ಕೈಗೆ ಹಾಕುವ ಕಂಬಳಿಗೆ ಅವಳು ಮೂರಲ್ಲ, ನಾಲ್ಕು ಕೈ ತಿಕ್ಕಿದಳು. ಊರಿಗೆ ಬಂದಾಗ ನೀನು ಒಯ್ದದ್ದು ಆ ಜೊತೆಯನ್ನೇ.

ಆದರೆ ಅದು ಮಳೆಯ ನೀರಿಗೆ ಮಾಡಿದ ಮದ್ದು. ಬರ್ಫಿನ ನೀರು ನಮಗೇನು ಗೊತ್ತು? ನೇಗಿ ಸಾಹೇಬರ ಫೋನ್ ಬಂದ ಮರುದಿನ ನಿಮ್ಮವ್ವ ಕ್ಯಾಂಪಿಗೆಂದು ಹೊಲಿದ ಒಂದು ಕೈಕೊಪ್ಪೆಯನ್ನು ಹಳೇ ಹ್ಯಾಂಡಲಿಗೆ ತೊಡಿಸಿ, ಬ್ರೇಕಿನ ಸಮೇತ ಹಿಡಿದುಕೊಂಡು ತಾಹೇರಾ ಆಪಾಳ ಐಸ್ ಕಾರ್ಖಾನೆಗೆ ಹೋದೆ. ಅವಳು ಬಾಯಿಗೆ ಸೆರಗು ಹಿಡಿದು, ಕ್ಯಾ ಸಿದ್ದಪ್ಪ ಭಾಯ್, ಸೈಕಲಿಗಿ ಬುಖಾರ ಬಂದದೇನು, ಬರಫದಾಗ ಮಲಗಸಾಕತ್ತೀರಿ ಎಂದಳು. ನಗಲಿ ಬಿಡು. ಒಳಗೆಲ್ಲ ಬಿಸಿನೀರು ಚಿಮುಕಿಸಿ, ಬೆವರಿದ ಕೈಯ ಹಾಗೆ ಮಾಡಿ, ಐಸಿನ ನಡುವೆ ಇಟ್ಟೆವು. ಊಟ ಮುಗಿಸಿ ಬಂದು ತೆಗೆದರೆ, ಅದು ಕಂಬಳಿಯಲ್ಲ, ಹಲಗೆ. ಗಂಜಿ ನೆನೆದು ಅಂಟಾಗಿ ಇಳಿದು, ಬ್ರೇಕಿನ ಕಡ್ಡಿಯನ್ನು ಅಪ್ಪಿಕೊಂಡು ಕಲ್ಲಾಗಿತ್ತು. ನನ್ನ ಐದೂ ಬೆರಳಿಗೆ ಅದು ಅಲ್ಲಾಡಲಿಲ್ಲ. ನಿನ್ನದು ಒಂದೇ ಬೆರಳು. ತಾಹೇರಾ ಆಪಾ ನನ್ನ ಮುಖ ನೋಡಿ ನಗುವುದು ನಿಲ್ಲಿಸಿ ಚಹಾ ತರಿಸಿದಳು. ಬೇಟಿ ಹ್ಯಾಂಗ ಅದಾಳ ಎಂದು ಕೇಳಿದಳು. ನಾನು ಅವಳಿಗೇನೂ ಹೇಳಿರಲಿಲ್ಲ ನೋಡು.

ಸಾಕ್ಷಿ, ನಿನಗೆ ಇದು ಬಿದ್ದ ಗಳಿಗೆಯಲ್ಲೇ ಗೊತ್ತಾಗಿದೆ. ಆದರೂ ನೀನು ಮುಖ ಕಾಣುವ ಫೋನಿನಲ್ಲಿ, ಅವ್ವಾ ಕೈಕೊಪ್ಪಿ ಭಾರಿ ಛಲೋ ಅದಾವ, ಕೈ ಒಲಿ ಮುಂದ ಇಟ್ಟಂಗ ಇರ್ತಾವ ಎಂದೆ. ನೀನು ಬಲಗೈಯಲ್ಲಿ ಫೋನ್ ಹಿಡಿದಿದ್ದೆ, ನಿನ್ನ ಎಡಗೈ ಶಾಲಿನೊಳಗೆ ಇತ್ತು. ನಾನು ನೋಡಿದೆ, ಚಳಿ ಎಂದುಕೊಂಡೆ. ನಿನ್ನ ಆ ಒಂದು ಮಾತಿಗೆ ಇಲ್ಲಿ ಏನಾಯಿತು ಗೊತ್ತೇ? ಅಷ್ಟರಲ್ಲಾಗಲೇ ನೇಗಿ ಸಾಹೇಬರು ಫೆಬ್ರುವರಿಯಲ್ಲಿ ಬರುವ ಅತಿಥಿಗಳಿಗೆಂದು ಇಪ್ಪತ್ತು ಜೊತೆ ಬೇಕು ಎಂದಿದ್ದರಲ್ಲ, ನಿಮ್ಮವ್ವ ಎಳ್ಳಮಾಸಿ ಹಬ್ಬಕ್ಕೆ ಭಜ್ಜಿ ಮಾಡುವುದನ್ನೂ ಸೊಸೆಗೆ ಬಿಟ್ಟು ಕೂತು ಹೊಲಿದಳು. ಬಂದವರಿಗೆಲ್ಲ ತೋರಿಸಿದಳು. ನಾಕು ಕೈ ಗಂಜಿ ಹಾಕೀನಿ, ಬರ್ಫಿನಪ್ಪ ಬಂದ್ರೂ ಒಳಗ ಹೋಗಂಗಿಲ್ಲ ಎಂದು. ಪಾರ್ಸಲ್ ಬಂದ ಮೇಲೆ ಯಾವುದಾದರೂ ನೆವ ಹೇಳಿ ಮೂಲೆಗೆ ಹಾಕೋಣ ಎಂದು ನೀನು ಲೆಕ್ಕ ಹಾಕಿರಬಹುದು. ಆ ಲೆಕ್ಕ ಕೂಡುವುದಿಲ್ಲ ಮಗಳೆ. ನೀನು ಪ್ಲಾಸ್ಟರು ಹಾಕಿಕೊಂಡು ಕೋಣೆಯಲ್ಲಿರುತ್ತೀ, ಅಲ್ಲಿ ಇನ್ಯಾರೋ ಪಾರ್ಸಲ್ ಬಿಚ್ಚಿ ಇಪ್ಪತ್ತು ಸೈಕಲಿಗೆ ತೊಡಿಸುತ್ತಾರೆ. ಇಪ್ಪತ್ತು ಜನ ಆ ತಿರುವಿಗೆ ಹೋಗುತ್ತಾರೆ. ನಿಮ್ಮವ್ವನ ಮನಸ್ಸು ಉಳಿಸಲು ಹೋಗಿ ಅವರ ಕೈ ಮುರಿಯುವುದು ಯಾವ ನ್ಯಾಯ?

ನಾನು ಹೇಳಿಬಿಡಬೇಕೆಂದು ಎಷ್ಟೋ ಸಲ ಅವಳ ಎದುರು ಕೂತೆ. ಜಗತ್ತಿಗೆ ಮಾತು ಮಾರಿದವನಿಗೆ ಹೆಂಡತಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಕಳ್ಳದಾರಿ ಹಿಡಿದೆ. ಮರಿಗಳ ಮೊದಲ ಕತ್ತರಿಯ ಮೆತ್ತನೆಯ ಉಣ್ಣೆಯಲ್ಲಿ ನೇಯ್ದ ಕಂಬಳಿಗಳನ್ನು ಗಂಜಿ ಮುಟ್ಟಿಸದೆ ಬಸವಕಲ್ಯಾಣಕ್ಕೆ ಒಯ್ದು, ಕೋಟೆಯ ಹತ್ತಿರ ಹೊಲಿಗೆ ಹಾಕುವ ಶೇವಂತಾಬಾಯಿಗೆ ಕೊಟ್ಟೆ. ಅವಳು ಬಟ್ಟೆ ಹಿಚುಕಿ, ಚಂದಮ್ಮನ ಗಂಡ ಆಗಿ ಗಂಜಿ ಇಲ್ದಿದ್ದು ತಂದೀರಲ್ರಿ, ಮನ್ಯಾಗ ಜಗಳ ಆಗ್ಯದೇನು ಎಂದಳು. ಆಗಿಲ್ಲ, ಆಗಬಾರದು ಅಂತಲೇ ತಂದೀನಿ ಎಂದೆ. ಕೆಂಪು ಗಂಟನ್ನೂ ನೋಡಿ ನೋಡಿ ಹಾಗೆಯೇ ಹಾಕಿಸಿದೆ. ಇವನ್ನೂ ತಾಹೇರಾ ಆಪಾಳ ಬರ್ಫಿನಲ್ಲಿ ಇಟ್ಟು ನೋಡಿದ್ದೇನೆ. ಗಟ್ಟಿಯಾಗುತ್ತವೆ, ಆದರೆ ಒಮ್ಮೆ ಕೊಡವಿದರೆ ಪುಡಿ ಉದುರಿ ಮೆತ್ತಗಾಗುತ್ತವೆ. ಬ್ರೇಕು ಒಂದು ಬೆರಳಿಗೆ ಬರುತ್ತದೆ. ನಿಮ್ಮವ್ವ ಹೊಲಿದ ಇಪ್ಪತ್ತೂ ಜೊತೆ ಅಂಗಡಿಯ ಅಟ್ಟದ ಮೇಲೆ ಉಣ್ಣೆ ತುಂಬಿದ ಅಂಡಿಗೆ ಚೀಲಗಳ ಹಿಂದೆ ಇವೆ. ಪಾರ್ಸಲಿನಲ್ಲಿ ಬಂದಿರುವವು ಶೇವಂತಾಬಾಯಿಯವು. ನೀನು ಕಟ್ಟಿದ ಒಂದು ಸುಳ್ಳಿನ ಮೇಲೆ ನಾನು ಇನ್ನೊಂದು ಅಂತಸ್ತು ಎಬ್ಬಿಸಿದ್ದೇನೆ. ಮೇಲೆ ಹತ್ತಿ ಕೂತು ನೋಡುತ್ತಿದ್ದೇನೆ, ಯಾವಾಗ ಬೀಳುತ್ತದೋ.

ಆದ್ದರಿಂದ ಮೊದಲು ಮಾಡುವ ಕೆಲಸ ಇದು. ನೀನು ಮೊದಲು ಒಯ್ದ ಆ ಜೊತೆಯನ್ನು ಯಾರ ಕೈಗೂ ಕೊಡಬೇಡ. ಪ್ಲಾಸ್ಟರು ಬಿಚ್ಚುವವರೆಗೆ ಗಾಲಿಯ ಗಾಳಿ ನೋಡುವ ನೆವದಲ್ಲೂ ಸೈಕಲ್ ಹತ್ತಬೇಡ. ಬಿಚ್ಚಿದ ಮೇಲೆ ಹತ್ತು, ನಾನು ಬೇಡ ಎನ್ನುವುದಿಲ್ಲ. ನೀನು ಇಳಿದದ್ದನ್ನು ನಿಂತು ನೋಡಿದವನು ನಾನು. ನೇಗಿ ಸಾಹೇಬರಿಗೆ, ಅವರ ಮನೆಯವರಿಗೆ ನಮಸ್ಕಾರ ಹೇಳು. ನಿನ್ನ ಕೈ ಬೇಗ ಕೂಡಲಿ, ಬೀರದೇವರು ನಿನ್ನ ದಾರಿ ಕಾಯಲಿ.

ಇಂತಿ, ಬರ್ಫಿನ ಮೇಲೆ ಮೂರು ಸಲ ಮಲಗಿ ಬಂದ
ನಿನ್ನ ಅಪ್ಪ,
ಅಮೋಘಸಿದ್ದಪ್ಪ

ತಾ.ಕ.: ಪಾರ್ಸಲ್ ಒಯ್ಯುವ ಹೈದರಾಬಾದಿನ ಬಸ್ಸು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ನಿಮ್ಮವ್ವ ಕೊಹಿನೂರಿನಿಂದ ಬಂದಳು, ನಿನಗೆಂದು ಶೇಂಗಾ ಹೋಳಿಗೆ ಮಾಡಿಕೊಂಡು. ನಾನು ಎದ್ದು ಬರುವುದರೊಳಗೆ ಪಾರ್ಸಲಿಗೆ ಅರ್ಧ ಹಾಕಿಟ್ಟಿದ್ದ ಹೊಲಿಗೆ ಬಿಚ್ಚಿ, ಡಬ್ಬಿಗೆ ಜಾಗ ಮಾಡಲು ಒಳಗೆ ಕೈ ಹಾಕಿದಳು. ಒಂದು ಕೈಕೊಪ್ಪೆ ಹೊರಗೆ ತೆಗೆದಳು. ಹಿಚುಕಿದಳು, ಮೂಸಿದಳು, ಗಂಟು ತಿರುಗಿಸಿ ನೋಡಿದಳು. ಗಂಜಿ ಎಲ್ಲಿ ಎಂದು ಅವಳು ಕೇಳಲಿಲ್ಲ. ಯಾರು ಹೊಲಿದದ್ದು ಎಂದೂ ಕೇಳಲಿಲ್ಲ. ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಅಕಿದು ಯಾವ ಕೈರೀ ಎಂದಳು. ಎಡಗೈ ಎಂದೆ. ಅಷ್ಟೇ. ಈಗ ನನ್ನ ಹಿಂದೆ ಅಂಡಿಗೆಯ ಮೇಲೆ ಕೂತು, ಶೇವಂತಾಬಾಯಿ ಹಾಕಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ತನ್ನ ಗಂಟು ಹಾಕುತ್ತಿದ್ದಾಳೆ. ಬಸ್ಸು ಹೋದರೆ ಹೋಗಲಿ, ನಾಳಿ ಇನ್ನೊಂದು ಬರ್ತದ ಎನ್ನುತ್ತಿದ್ದಾಳೆ. ಈ ಪತ್ರ ನಿನ್ನ ಕೈ ಸೇರಿದ ದಿನವೇ ಫೋನ್ ಮಾಡು, ಮುಖ ಕಾಣುವ ಹಾಗೆ ಮಾಡು. ಎಡಗೈಯನ್ನು ಶಾಲಿನಿಂದ ಹೊರಗೆ ತೆಗೆದು ಅವಳಿಗೆ ತೋರಿಸು.