ಹುಳ ಸಿಕ್ಕಿದ ಊರು

ಅಲ್ ಐನ್
ಜೂನ್ ೧೮, ೨೦೨೫

ಶಾರನ್‌ಳ ಪಪ್ಪನಿಗೆ,

ಫೋನಿನಲ್ಲಿ ಕೇಳಿದರೆ ನಿಮ್ಮ ಬಾಯಲ್ಲಿ ಉತ್ತರ ತಯಾರಾಗಿಯೇ ಇರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಊರಿಂದ ಗಲ್ಫಿಗೆ ವಾಪಸು ಬಂದು ನೀವು ಖಲೀಫಾ ಸಿಟಿಗೆ ಕೆಲಸಕ್ಕೆ ಹೋದ ಮೇಲೆ ನಿಮ್ಮ ಸೂಟ್‌ಕೇಸ್ ಒರೆಸಿದೆ. ಮೂಲೆಯಲ್ಲಿ ಒಂದು ಸತ್ತ ಜೀರುಂಡೆ ಇತ್ತು. ಕಪ್ಪು ಮೈ, ಕೆಂಪು ಕಣ್ಣು. "ಪಪ್ಪ ಶಿರ್ವದಿಂದ ತಂದದ್ದು, ಸೋ ಕ್ಯೂಟ್!" ಎಂದು ಮಗಳು ಶಾಲೆಯ ಕೀಟ ಸಂಗ್ರಹಕ್ಕೆ ಕೊಂಡುಹೋದಳು.

ನಿನ್ನೆ ವಿಜ್ಞಾನದ ನಸೀಮ ಟೀಚರ್ ನನ್ನನ್ನು ಕರೆಸಿದರು. "ಇದು ನಮ್ಮ ಊರಿನದ್ದಲ್ಲ ಜೆಸ್ಸಿ, ಅಮೆರಿಕದಲ್ಲಿ ಮಾತ್ರ ಇರೋದು. ಹದಿನೇಳು ವರ್ಷ ಮಣ್ಣಿನಡಿ ಬೇರಿನ ರಸ ಕುಡ್ಕೊಂಡು ಇರ್ತದೆ. ಮತ್ತೆ ಲಕ್ಷಗಟ್ಟಲೆ ಒಟ್ಟಿಗೇ ಮೇಲೆ ಬಂದು, ಕೂಗಿ, ಮೊಟ್ಟೆಯಿಟ್ಟು, ತಿಂಗಳೊಳಗೆ ಸಾಯ್ತದೆ. ಈ ವರ್ಷ ಬಂದಿದೆ. ನಿಮ್ಮವರು ಅಲ್ಲಿಗೆ ಹೋಗಿದ್ರಾ?" ಎಂದು ಕೇಳಿದರು.

ಮನೆಯ ಮಾಡು ರಿಪೇರಿಗೆ ಶಿರ್ವಕ್ಕೆ ಹೋಗಿದ್ದರು ಎಂದೆ. ನೀವು ನನಗೆ ಹೇಳಿದ್ದು ಅದೇ ಅಲ್ಲವೇ?

ನೀವು ಪ್ರೀತಿಸಿದ್ದ ವಿಲ್ಮಾ ನಿಮ್ಮನ್ನು ಬಿಟ್ಟು ಅಮೆರಿಕಕ್ಕೆ ಹೋದದ್ದು ನಮ್ಮ ಮದುವೆಗೆ ಒಂದು ವರ್ಷ ಮೊದಲು. ನಮ್ಮ ಮದುವೆಯಾಗಿ ಹದಿನಾರು ವರ್ಷ. ನಾನೇನೂ ಹೇಳುತ್ತಿಲ್ಲ.

ಶುಕ್ರವಾರ ಬರುವಾಗ ಗಾಜಿನ ಮುಚ್ಚಳವಿರುವ ಒಂದು ಸಣ್ಣ ಡಬ್ಬಿ ತನ್ನಿ. ಹುಳದ ಕೆಳಗೆ ಚೀಟಿ ಅಂಟಿಸಿ, ಅದು ಸಿಕ್ಕಿದ ಊರು, ತಾರೀಕು ಬರೆಯಬೇಕಂತೆ. ಮಗಳು ಪೆನ್ಸಿಲಿನಲ್ಲಿ ಶಿರ್ವ ಎಂದು ಬರೆದಿದ್ದಳು. ನಾನು ಅಳಿಸಿದ್ದೇನೆ.

ನೀವು ಪೆನ್ನಿನಲ್ಲಿ ಬರೆಯಿರಿ.

ಜೆಸ್ಸಿ