ಲೋಹಿತನ ಹೆಸರಿನ ಹಳೇ ಸಿಮ್ಮು

ರೀ, ಲೋಹಿತನ ಕಣ್ಣಿಗೆ ಬೀಳಬಾರದೆಂದು ಈ ಚೀಟಿಯನ್ನು ನಿಮ್ಮ ಶೂ ಒಳಗೆ ಇಟ್ಟಿದ್ದೇನೆ.

ಬಿಲ್ಲು ಕಟ್ಟದೆ ಬೇರೆ ಮೊಬೈಲ್ ಕಂಪನಿಗೆ ಹೋದಿರಲ್ಲ, ಆ ಹಳೇ ಸಿಮ್ಮು ತೆಗೆದದ್ದು ನನ್ನ ತಮ್ಮ ಲೋಹಿತನ ಸಿವಿಲ್ ಐಡಿ ಕಾರ್ಡಿನ ಮೇಲೆ. ಮರೆತೇಬಿಟ್ಟಿರಾ? ಮೇಲಿನ ಮನೆಯವರನ್ನು ನಿನ್ನೆ ಇಂಥದೇ ಬಾಕಿಗೆ ಕೇಸಿದೆ, ದೇಶ ಬಿಡುವಂತಿಲ್ಲ ಎಂದು ಏರ್‌ಪೋರ್ಟಿನಿಂದ ವಾಪಸ್ ಕಳಿಸಿದರಂತೆ. ಇವತ್ತು ರಾತ್ರಿ ಊರಿಗೆ ಇವನ ಫ್ಲೈಟು, ಭಾನುವಾರ ಇವನ ಮದುವೆ!

ಎದ್ದ ತಕ್ಷಣ ಫಿಂಟಾಸ್‌ನಲ್ಲಿರುವ ಆ ಹಳೇ ಕಂಪನಿಯ ಆಫೀಸಿಗೆ ಓಡಿ. ಉಡುಗೊರೆಗೆಂದು ಎತ್ತಿಟ್ಟ ದುಡ್ಡು ನನ್ನ ಕಪ್ಪು ಪರ್ಸಿನಲ್ಲಿದೆ, ಪೂರ್ತಿ ಕಟ್ಟಿ. ಬರೀ ರಸೀದಿ ತಂದರೆ ಸಾಲದು, ಕೇಸು ಹಾಕಿದ್ದಾರಾ ಕೇಳಿ. ಡ್ಯೂಟಿಯಲ್ಲಿದ್ದರೂ ಫೋನ್ ಎತ್ತುತ್ತೇನೆ.

ಈಗಷ್ಟೇ ಕಾಫಿ ಕೊಡುವಾಗ, "ಯಾಕಕ್ಕಾ ಅಳ್ತಿದ್ದೀಯಾ?" ಅಂದ.

"ನೀನು ಹೊರಟುಬಿಡ್ತೀಯಲ್ಲ, ಅದಕ್ಕೇ ಕಣೋ" ಅಂದೆ.